ಹಸಿರು ಗೇಟಿನ ಮನೆಯ ಕಾಫಿ

"ನನ್ನ ಸೊಸೆ ತರಿಸಿರುವ ಈ ಕಾಫಿಪುಡಿ ಅಷ್ಟು ಬೆಲೆ ಬಾಳುತ್ತದೆಯೇ ಅತ್ತೆ? ವಾಪಸ್ ಕಳಿಸು ಅಂದುಬಿಡಲೇ?" ಎಂದು ಕೇಳಿದೆಯಲ್ಲ ವಿಶಾಲು, ಹತ್ತಿರ ಬಾ. ಬಾಗಿಲು ಸ್ವಲ್ಪ ಮುಂದೆ ಮಾಡು. ನಾನು ಹೇಳುವುದು ನಿನ್ನ ಹೊಟ್ಟೆಯಲ್ಲೇ ಇರಬೇಕು. ಗಂಡನಿಗೂ ಹೇಳಕೂಡದು, ಅವನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ಒಬ್ಬ ಹೆಂಗಸು ಇದ್ದಳು. ಹೆಸರು ಬೇಡ. ನಮ್ಮ ಬೀದಿಯ ಹಸಿರು ಗೇಟು ಅಂದರೆ ನಿನಗೇ ತಿಳಿಯುತ್ತದೆ. ಅವಳ ಅತ್ತೆ ಹಿತ್ತಾಳೆ ಫಿಲ್ಟರಿನ ಮುಂದೆ ಕೂತರೆ ಅವಳದೇ ತೀರ್ಪು. ಮೊದಲನೇ ಡಿಕಾಕ್ಷನ್ ಗಂಡಸರಿಗೆ, ಬಂದವರಿಗೆ. ಆಮೇಲೆ ಅದೇ ಪುಡಿಯ ಮೇಲೆ ಇನ್ನೊಂದು ಸಲ ಬಿಸಿನೀರು. ಆ ಎರಡನೇ ಡಿಕಾಕ್ಷನ್ ಸೊಸೆಗೆ. ಎಲ್ಲರ ಮನೆಯಲ್ಲೂ ಹಾಗೇ ಇತ್ತು ಅನ್ನು. ನಿನ್ನ ಮನೆಯಲ್ಲಿ ಈಗಲೂ ಹಾಗೇ.

ಅತ್ತೆ ಹೋದಳು. ಇವಳೇ ಅತ್ತೆಯಾದಳು. ಇನ್ನಾದರೂ ಮೊದಲನೆಯದನ್ನು ತಾನು ಕುಡಿದು ಎರಡನೆಯದನ್ನು ಸೊಸೆಗೆ ಕೊಡುತ್ತಾಳೆ ಅಂತ ಬೀದಿಯೆಲ್ಲ ಕಾದಿತ್ತು. ಇವಳು ಫಿಲ್ಟರನ್ನೇ ಅಟ್ಟಕ್ಕೆ ಹಾಕಿದಳು. ಯಾರೋ ಬೆಳೆಗಾರನಿಂದ ಪುಡಿ ತರಿಸಿದಳು. ಅವನು ಕೆಂಪಗೆ ಹಣ್ಣಾದದ್ದನ್ನಷ್ಟೇ ಕೈಯಲ್ಲಿ ಆರಿಸಿ ಬಿಡಿಸುತ್ತಾನಂತೆ, ಸ್ವಲ್ಪ ಸ್ವಲ್ಪವೇ ಹುರಿಯುತ್ತಾನಂತೆ, ಚಿಕೋರಿ ಮುಟ್ಟುವುದಿಲ್ಲವಂತೆ. ಬೆಲೆ ನಮ್ಮ ಪುಡಿಯ ಮೂರರಷ್ಟು.

ಕಣ್ಣಾರೆ ನೋಡದೆ ಮಾತಾಡಬಾರದು ಅಂತ, ಕರಿಬೇವು ಕೇಳುವ ನೆಪ ಮಾಡಿಕೊಂಡು ಹೋದೆ. ಪಿಂಗಾಣಿಯ ಆಲಿಕೆಯೊಳಗೆ ಕಾಗದ ಇಟ್ಟು, ಪುಡಿ ಹಾಕಿ, ನೀರನ್ನು ನೂಲಿನ ಹಾಗೆ ಸುರಿದಳು. ಒಂದು ಲೋಟ ಇಳಿಯುವ ಹೊತ್ತಿಗೆ ನಾನಾಗಿದ್ದರೆ ಸಾರಿಗೆ ಒಗ್ಗರಣೆ ಹಾಕಿ ಮುಗಿಸಿರುತ್ತಿದ್ದೆ. ಹಾಲಿಲ್ಲ, ಸಕ್ಕರೆಯಿಲ್ಲ. ಘಮ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಾಯಿಗಿಟ್ಟರೆ ತೆಳ್ಳಗೆ, ಕಿತ್ತಳೆಯ ಹಾಗೆ ಹುಳಿ. ಮರ್ಯಾದೆಗೆ ನುಂಗಿದೆ. ಅಷ್ಟರಲ್ಲಿ ಅವಳು ಆ ಪುಡಿಯನ್ನು ಕಾಗದದ ಸಮೇತ ಎತ್ತಿ ದಾಸವಾಳದ ಬುಡಕ್ಕೆ ಹಾಕಿದಳು. ಒಂದೇ ಲೋಟ ಇಳಿಸಿದ ಪುಡಿ.

"ಹೊಟ್ಟೆ ಉರಿಯುತ್ತದಲ್ಲೇ ತಾಯಿ," ಅಂದೆ. "ಇನ್ನೊಂದು ಸಲ ನೀರು ಹಾಕಿದ್ದರೆ ನಿನ್ನ ಸೊಸೆಗಾದರೂ ಆಗುತ್ತಿತ್ತು."

ಆ ಸೊಸೆಯೂ ಅಲ್ಲೇ ಇದ್ದಳು, ಅತ್ತೆಯ ಎದುರಿಗೇ ಕುರ್ಚಿಯಲ್ಲಿ ಕಾಲಿನ ಮೇಲೆ ಕಾಲು ಹಾಕಿಕೊಂಡು. ಇವಳು ಹೊಸ ಕಾಗದ ಇಟ್ಟಳು, ಹೊಸ ಪುಡಿ ಹಾಕಿದಳು, ಸೊಸೆಯ ಲೋಟವನ್ನು ಕೆಳಗಿಟ್ಟಳು. ಆಮೇಲೆ ನನ್ನ ಮುಖಕ್ಕೇ ಅಂದಳು:

"ಅದಕ್ಕೇ ಅಲಮೇಲಮ್ಮನವರೇ ನಾನು ಅಷ್ಟು ದುಡ್ಡು ಕೊಡುವುದು. ಇದರಲ್ಲಿ ಎರಡನೇ ಡಿಕಾಕ್ಷನ್ ಇಲ್ಲ."