ನೀಲವ್ವನ ಹೆಬ್ಬೆರಳು

“ಅನ್ನ ಕೊಡುವವನು ಸಂಶಯಪಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ. ದಾಸೋಹಕ್ಕೆ ಬಂದವರಲ್ಲಿ ಕೆಲವರು ಒಮ್ಮೆ ಉಂಡು ಎದ್ದು, ಮುಂದಿನ ಪಂಕ್ತಿಯಲ್ಲಿ ಮತ್ತೆ ಕುಳಿತದ್ದನ್ನು ಕಂಡಿದ್ದ. ಅಂಥವರನ್ನು ಎಬ್ಬಿಸಿ ಕಳಿಸಲು ಅಪ್ಪಣೆ ಬೇಡಿ ಬಂದಿದ್ದ.

ಗುರುಗಳು ಅಪ್ಪಣೆ ಕೊಡಲಿಲ್ಲ. ಬೇಡವೆಂದೂ ಹೇಳಲಿಲ್ಲ. ಕತೆಯೊಂದನ್ನು ಹೇಳಿದರು.

ಒಂದು ತಾಲ್ಲೂಕಿನಲ್ಲಿ ಚನ್ನವೀರಯ್ಯ ಎಂಬ ಆಹಾರ ನಿರೀಕ್ಷಕನಿದ್ದ. ಬಡವರ ಪಡಿತರ ಚೀಟಿ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ವಿಚಾರಿಸಿ ಬರೆಯುವುದು ಅವನ ಕೆಲಸ. ಲಂಚ ಮುಟ್ಟುವವನಲ್ಲ. ಹೋದಲ್ಲಿ ಚಹಾ ಕೊಟ್ಟರೂ ಕುಡಿಯುವವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹರಕು ಅಂಗಿ ತೊಟ್ಟು ಬಂದು ಅವನ ಮುಂದೆ ಅತ್ತಿದ್ದ. ಚನ್ನವೀರಯ್ಯ ಕರಗಿ, ಅಂದೇ ಚೀಟಿ ಮಾಡಿಸಿಕೊಟ್ಟ. ಆಮೇಲೆ ನೋಡಿದರೆ ಆ ಮನುಷ್ಯನಿಗೆ ಎರಡು ಲಾರಿಗಳಿದ್ದವು. ಮೇಲಿನವರು ಚನ್ನವೀರಯ್ಯನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಕಚೇರಿಯವರು ನಕ್ಕರು. ಅಂದಿನಿಂದ ಅವನು ಯಾರ ಕಣ್ಣೀರನ್ನೂ ನಂಬಲಿಲ್ಲ. ಅಳುವವರಿಗೆ ಹೆಚ್ಚು ಪ್ರಶ್ನೆ ಹಾಕುತ್ತಿದ್ದ. ಅಳದೆ ನಿಂತವರನ್ನು ಕಂಡರೆ, ಹಸಿದವರು ಇಷ್ಟು ಗಟ್ಟಿಯಾಗಿ ಹೇಗೆ ನಿಂತಾರು ಎಂದು ಅನುಮಾನಿಸುತ್ತಿದ್ದ.

ಒಂದು ವರ್ಷ ಚೀಟಿಗಳ ನವೀಕರಣ ಬಂತು. ಚೀಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ನ್ಯಾಯಬೆಲೆ ಅಂಗಡಿಗೆ ಖುದ್ದಾಗಿ ಬಂದು ಯಂತ್ರದ ಮೇಲೆ ಹೆಬ್ಬೆರಳು ಇಡಬೇಕು. ಆಧಾರ್ ಮಾಡಿಸುವಾಗ ಕೊಟ್ಟ ಬೆರಳಚ್ಚಿನೊಡನೆ ಅದು ಕೂಡಬೇಕು. ಕೂಡದಿದ್ದರೆ ಮುಂದಿನ ತಿಂಗಳಿಂದ ಆ ಹೆಸರಿಗೆ ಅಕ್ಕಿ ಇಲ್ಲ. ಚನ್ನವೀರಯ್ಯ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ ತಾನೇ ಕುಳಿತ. ಅಂಗಡಿಯವನ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ.

ಸಾಲಿನಲ್ಲಿ ಫಕೀರವ್ವ ಎಂಬ ಹೆಂಗಸು ಬಂದಳು. ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಅವಳದು. ಅವಳ ಚೀಟಿಯಲ್ಲಿ ಎರಡು ಹೆಸರು ಇದ್ದವು. ಒಂದು ಅವಳದು, ಇನ್ನೊಂದು ಅವಳ ತಂಗಿ ನೀಲವ್ವನದು. ಫಕೀರವ್ವನ ಬೆರಳು ಕೂಡಿತು. ಜೊತೆಗೆ ಕರೆತಂದವಳ ಬೆರಳು ಕೂಡಲಿಲ್ಲ. ಒರೆಸಿ ಇಡಿಸಿದರು, ಕೂಡಲಿಲ್ಲ. ಸಾಬೂನು ಹಚ್ಚಿ ತೊಳೆಸಿ ಇಡಿಸಿದರು, ಆಗಲೂ ಕೂಡಲಿಲ್ಲ.

“ಮೆಣಸಿನಕಾಯಿ ಬಿಡಸೋರ ಬೆರಳು ಸವದಿರ್ತಾವ್ರಿ ಸರ,” ಎಂದ ಅಂಗಡಿಯವನು. “ಇಂಥವ್ರಿಗೆ ನೀವೊಂದು ಮಾತು ಬರದು ಕೊಟ್ರ ಸಾಕು.”

ಅವನು ಇಷ್ಟು ಬೇಗ ಪರವಹಿಸಿದ್ದೇ ಚನ್ನವೀರಯ್ಯನಿಗೆ ಹಿಡಿಸಲಿಲ್ಲ. ಆ ಹೆಂಗಸಿನ ಕೈ ನೋಡಿದ. ಮೆಣಸಿನಕಾಯಿಯ ಕೆಂಪು ಅದಕ್ಕೆ ಹತ್ತಿರಲಿಲ್ಲ. ಮುಖ ನೋಡಿದ. ತಂಗಿ ಎಂದು ಬಂದವಳು ಅಕ್ಕನಿಗಿಂತ ಹತ್ತು ವರ್ಷ ದೊಡ್ಡವಳಂತೆ ಕಂಡಳು. ಅವನು ರಿಜಿಸ್ಟರಿನ ಹಾಳೆ ತಿರುವಿದ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆ, “ನೀಲವ್ವ” ಎಂದು ಕರೆದ.

ಆ ಹೆಂಗಸು ಅಲುಗಲಿಲ್ಲ. ಓಗೊಟ್ಟವಳು ಫಕೀರವ್ವ.

ಚನ್ನವೀರಯ್ಯ ಚೀಟಿಯನ್ನು ತನ್ನ ಬಳಿಯೇ ಇಟ್ಟುಕೊಂಡು ಅವರನ್ನು ಕಳಿಸಿದ. ಮರುದಿನ ಅವರ ಓಣಿಗೆ ಹೋದ. ಒಂದು ಮನೆಯವರು, ಆಕೆ ನೀಲವ್ವನೇ ಎಂದರು. ಇನ್ನೊಂದು ಮನೆಯವರು, ತಮಗೇನೂ ಗೊತ್ತಿಲ್ಲ ಎಂದು ಬಾಗಿಲು ಮುಚ್ಚಿಕೊಂಡರು. ಅವನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಅವನು ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಇಡೀ ಓಣಿಯೇ ಸೇರಿ ಏನನ್ನೋ ಬಚ್ಚಿಟ್ಟಿದೆ ಎಂದು ಅವನಿಗೆ ಖಚಿತವಾಯಿತು. ನಾಲ್ಕನೆಯ ದಿನ ಗೋದಾಮಿನ ಗುಮಾಸ್ತನ ಬಾಯಿಂದ ನಿಜ ಹೊರಬಿತ್ತು. ನೀಲವ್ವನಿಗೆ ಮದುವೆಯಾಗಿ ಸುಮಾರು ಮೂರು ವರ್ಷವಾಗಿತ್ತು. ಅವಳು ಗಂಡನೊಡನೆ ಕೊಲ್ಹಾಪುರದ ಕಡೆ ಇದ್ದಳು.

ಅಂದು ಚನ್ನವೀರಯ್ಯನಿಗೆ ಸಂತೋಷವಾಯಿತು. ಲಾರಿಯವನ ಮೇಲಿನ ಹಳೆಯ ಸಿಟ್ಟು ಕೂಡ ಸ್ವಲ್ಪ ಇಳಿಯಿತು.

ಮಧ್ಯಾಹ್ನವೇ ಫಕೀರವ್ವನ ಮನೆಗೆ ಹೋದ. ಅವಳು ಆ ಹೆಂಗಸಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಅವನನ್ನು ಕಂಡು ಏಳಲಿಲ್ಲ.

“ಈಕಿ ಯಾರು?” ಎಂದು ಕೇಳಿದ.

“ಗೊತ್ತಿಲ್ರಿ.”

“ಗೊತ್ತಿಲ್ಲದಾಕಿಗೆ ತಂಗಿ ಹೆಸರು ಕೊಟ್ಟು ಸರಕಾರದ ಅಕ್ಕಿ ತಗೊಂಡಿ?”

“ಹೌದ್ರಿ. ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಕಿನ ಕುಂತಿದ್ಲು. ಮಾತಿಲ್ಲ. ತನ್ನ ಹೆಸರು ತನಗ ಗೊತ್ತೈತೋ ಇಲ್ಲೋ, ಅದೂ ತಿಳೀದು. ಕರ್ಕೊಂಡು ಬಂದೆ. ಮೂರು ವರ್ಷದ ಹಿಂದ ಖರೇನ ಬರಸಿ ನಿಮ್ಮ ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಆಗಂಗಿಲ್ಲ ಅಂದ್ರಿ. ಅದ ವರ್ಷ ತಂಗಿ ಮದುವಿ ಆತು. ಆಕಿ ಹೆಸರು ತಗಸಲಿಲ್ಲ.” ಇಷ್ಟು ಹೇಳಿ ಅವಳು ಇನ್ನೊಂದು ತುತ್ತು ಮಾಡಿದಳು.

ಚನ್ನವೀರಯ್ಯ ಇದನ್ನೂ ನಂಬಲಿಲ್ಲ. ಸಿಕ್ಕಿಬಿದ್ದವರು ಕಚೇರಿಯ ಮೇಲೆ ಹಾಕುವುದು ಅವನಿಗೆ ಹೊಸದಲ್ಲ. ಅರ್ಜಿ ಎಂಬುದೇ ಇರಲಿಲ್ಲವೆಂದು ತೋರಿಸಿ, ಆ ಸುಳ್ಳನ್ನೂ ವರದಿಯಲ್ಲಿ ಸೇರಿಸಬೇಕೆಂದು ಕಚೇರಿಗೆ ಹಿಂದಿರುಗಿದ. ತಿರಸ್ಕೃತ ಅರ್ಜಿಗಳ ಕಟ್ಟುಗಳನ್ನು ಕೆಳಗಿಳಿಸಿ ಒಂದೊಂದಾಗಿ ಬಿಚ್ಚಿದ.

ಅರ್ಜಿ ಇತ್ತು. ಯಾರ ಕೈಯಲ್ಲೋ ಬರೆಸಿ, ಕೆಳಗೆ ಫಕೀರವ್ವ ಹೆಬ್ಬೆಟ್ಟು ಒತ್ತಿದ್ದಳು. ಅವಳು ಮನೆಯಲ್ಲಿ ಹೇಳಿದ್ದೆಲ್ಲ ಅದರಲ್ಲಿತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆದಿತ್ತು: ‘ಸ್ಥಳ ಪರಿಶೀಲನೆ ಮಾಡಲಾಗಿದೆ. ಇಂಥ ವ್ಯಕ್ತಿ ಇಲ್ಲ.’ ಕೆಳಗೆ ಚನ್ನವೀರಯ್ಯನ ಸಹಿ ಇತ್ತು.

ಅವನು ಸ್ಥಳಕ್ಕೆ ಹೋಗಿರಲಿಲ್ಲ. ಹೆಸರಿಲ್ಲ, ಊರಿಲ್ಲ, ಮಾತಿಲ್ಲ ಎಂದು ಓದಿದಾಗಲೇ ಹೆಚ್ಚಿನ ಅಕ್ಕಿಗಾಗಿ ಕಟ್ಟಿದ ಮಾತೆಂದು ತೀರ್ಮಾನಿಸಿದ್ದ. ಕುರ್ಚಿಯಿಂದ ಏಳದೆ ಬರೆದಿದ್ದ. ಅವನಿಗೆ ಈಗ ನೆನಪಾಯಿತು. ಆ ಅರ್ಜಿಯನ್ನು ಹರಿದು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಹರಿಯಲಿಲ್ಲ.

ಅವನು ವರದಿ ಬರೆದ. ನೀಲವ್ವನ ಹೆಸರು ತೆಗೆದುಹಾಕಿದ. ಆ ಹೆಸರಿಗೆ ಇಷ್ಟು ದಿನ ಅಕ್ಕಿ ಹೋದದ್ದನ್ನು ಮುಚ್ಚಿಡಲಿಲ್ಲ. ತನ್ನ ಹಳೆಯ ಷರಾವನ್ನೂ ಲಗತ್ತಿಸಿ, ಪರಿಶೀಲನೆ ನಡೆದಿರಲಿಲ್ಲ ಎಂದು ಒಪ್ಪಿಕೊಂಡ. ದಾಖಲೆ ಇಲ್ಲದವರ ಹೆಸರು ಸೇರಿಸಲು ಒಂದು ನಮೂನೆ ಇತ್ತು. ಹೆಸರಿನ ಜಾಗವೊಂದನ್ನು ಬಿಟ್ಟು ಅದನ್ನು ತುಂಬಿ ಫಕೀರವ್ವನ ಮನೆಗೆ ಒಯ್ದ.

ಅವಳು ಕೂಡಲೇ ಹೆಬ್ಬೆಟ್ಟು ಒತ್ತಲಿಲ್ಲ. ತಪ್ಪೊಪ್ಪಿಗೆ ಬರೆಸಿಕೊಂಡು ಜೈಲಿಗೆ ಕಳಿಸಲು ಬಂದಿದ್ದಾನೆ ಎಂದುಕೊಂಡಳು. ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಓಣಿಯ ದರ್ಜಿಯ ಹತ್ತಿರ ಹೋಗಿ ಓದಿಸಿದಳು. ದರ್ಜಿ ಓದಿದ ಮೇಲೆ ಅವನ ಹೆಂಡತಿಯಿಂದಲೂ ಓದಿಸಿದಳು. ಇಬ್ಬರೂ ಒಂದೇ ರೀತಿ ಓದಿದಾಗ ಹಿಂದಿರುಗಿದಳು. ಅಷ್ಟು ಹೊತ್ತೂ ಚನ್ನವೀರಯ್ಯ ಹೊಸ್ತಿಲ ಹೊರಗೆ ನಿಂತಿದ್ದ.

“ಹೆಸರಿನ ಜಾಗದಾಗ ಏನ್ ಬರೀಲಿ?” ಎಂದು ಕೇಳಿದ.

“ನಾ ಆಕಿಗೆ ಅಕ್ಕಾ ಅಂತೀನ್ರಿ.”

ಅವನು ‘ಅಕ್ಕವ್ವ’ ಎಂದು ಬರೆದ. ಫಕೀರವ್ವ ಹೆಬ್ಬೆಟ್ಟು ಒತ್ತಿದಳು.

ಆ ನಮೂನೆಯ ಕೊನೆಯಲ್ಲಿ ಒಂದು ಸಾಲು ಅಚ್ಚಾಗಿತ್ತು: ‘ಈ ವ್ಯಕ್ತಿಯನ್ನು ನಾನು ಮೂರು ವರ್ಷಗಳಿಂದ ಬಲ್ಲೆ.’ ಅದರ ಕೆಳಗೆ ಸರ್ಕಾರಿ ನೌಕರನೊಬ್ಬ ಸಹಿ ಹಾಕಬೇಕು. ಚನ್ನವೀರಯ್ಯ ಕಚೇರಿಯಲ್ಲಿ ಇಬ್ಬರನ್ನು ಕೇಳಿದ. ಇಬ್ಬರೂ ನಕ್ಕು ಕೈ ಹಿಂದೆ ತೆಗೆದರು. ಅವನು ತಾನೇ ಸಹಿ ಹಾಕಿದ.

ತಹಶೀಲ್ದಾರರು ಅವನನ್ನು ಕರೆಸಿದರು. “ಆಕೆ ನಿಮಗೆ ಏನಾಗಬೇಕು?” ಎಂದು ಕೇಳಿದರು.

“ಏನೂ ಆಗಬೇಕಿಲ್ಲ.”

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ವರ್ಷ ಚಹಾ ಕೂಡ ಕುಡಿಯದವನು ಈಗ ಏನು ತಿಂದಿರಬಹುದು ಎಂದು ಆ ನೋಟ ಕೇಳುತ್ತಿತ್ತು. ಅವನಿಗೆ ಆ ನೋಟದ ಗುರುತಿತ್ತು. ತಹಶೀಲ್ದಾರರು ತಿಳಿಸದೆಯೇ ಒಂದು ದಿನ ಆ ಓಣಿಗೆ ಹೋಗಿ ಬಂದು, ಅಕ್ಕವ್ವನ ಹೆಸರಿಗೆ ಮಂಜೂರಾತಿ ಕೊಟ್ಟರು. ಚನ್ನವೀರಯ್ಯನಿಗೆ ಹಳೆಯ ಷರಾದ ವಿಷಯದಲ್ಲಿ ನೋಟಿಸು ಕೊಟ್ಟರು. ಮುಂದೆ ಅವನು ನಿವೃತ್ತನಾಗುವವರೆಗೂ ಅವನ ಕಡತಗಳನ್ನು ಇನ್ನೊಬ್ಬರು ತಿರುಗಿ ನೋಡಿದ ಮೇಲೆಯೇ ಮುಂದೆ ಕಳಿಸುತ್ತಿದ್ದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವನು ಆಕೆಯನ್ನು ಬಲ್ಲದ್ದು ಕೆಲವೇ ದಿನಗಳಿಂದ. ಮೂರು ವರ್ಷಗಳಿಂದ ಬಲ್ಲೆ ಎಂದು ಸಹಿ ಹಾಕಿದ್ದು ಸುಳ್ಳಲ್ಲವೇ?” ಎಂದು ಕೇಳಿದ.

ಗುರುಗಳು ಹೇಳಿದರು: “ನೋಡದೆ ‘ಇಂಥ ವ್ಯಕ್ತಿ ಇಲ್ಲ’ ಎಂದು ಅವನು ಸಹಿ ಹಾಕಿದ್ದನ್ನು ಹೇಳುವಾಗ ನೀನು ನನ್ನನ್ನು ತಡೆದು, ಅದು ಸುಳ್ಳಲ್ಲವೇ ಎಂದು ಕೇಳಲಿಲ್ಲ.”