ಬೆನ್ನುಗಲ್ಲಿಗೆ ಆ ಹೆಸರು ಬಂದದ್ದು

ನೆಲ್ಲಿದುರ್ಗದಿಂದ ಮೂಡಲಿಗೆ ಹೊರಟ ಬಸ್ಸು ಎರಡು ಬೋಳುಗುಡ್ಡಗಳ ನಡುವೆ ನುಸುಳುವ ಕಡೆ ಒಂದು ನಿಮಿಷ ನಿಲ್ಲುತ್ತದೆ. ಆ ನಿಲ್ದಾಣಕ್ಕೆ ಬೆನ್ನುಗಲ್ಲು ಎಂದು ಹೆಸರು. ಗುಡ್ಡ ಮಲಗಿದ ಎತ್ತಿನ ಬೆನ್ನಿನಂತಿದೆ, ಅದಕ್ಕೇ ಹಾಗೆ ಕರೆಯುತ್ತಾರೆ ಎಂದು ಕೆಲವು ವಿದ್ಯಾವಂತರು ಬಸ್ಸಿನಲ್ಲಿ ಕೂತೇ ತೀರ್ಪು ಕೊಟ್ಟುಬಿಡುತ್ತಾರೆ. ಇಳಿದು ನೂರು ಹೆಜ್ಜೆ ನಡೆದಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ. ಅಲ್ಲಿ ಜಾಲಿಮರದ ಕೆಳಗೆ ಆಳೆತ್ತರದ ಒಂದು ವೀರಗಲ್ಲಿದೆ. ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಎಲ್ಲದರಲ್ಲೂ ವೀರ ಕತ್ತಿ ಹಿರಿದು ನಮ್ಮ ಕಡೆ ಎದೆಯೊಡ್ಡಿ ನಿಂತಿರುತ್ತಾನೆ. ಇವನೊಬ್ಬ ಮಾತ್ರ ನಮಗೆ ಬೆನ್ನು ತೋರಿಸಿ ನಿಂತಿದ್ದಾನೆ. ಆ ಬೆನ್ನಿನಲ್ಲಿ ಎರಡು ಬಾಣಗಳಿವೆ. ಹಳೆಯ ಕಲ್ಲುಗಳನ್ನು ನೋಡುತ್ತ ನಲವತ್ತು ವರ್ಷ ತಿರುಗಿದ ನಾನು ಇಂಥ ಇನ್ನೊಂದನ್ನು ಕಂಡಿಲ್ಲ.

ಹಿಂದೆ ಒಮ್ಮೆ, ನೆಲ್ಲಿದುರ್ಗವನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಸೂರಬೊಮ್ಮನೆಂಬ ಕಾಲಾಳು ಇದ್ದನಂತೆ. ಕೋಟೆಗೆ ಏಣಿ ಹಾಕಿದ ಶತ್ರುಗಳನ್ನು ಒಬ್ಬನೇ ತಡೆದನೆಂದು ತುಂಬಿದ ಸಭೆಯಲ್ಲಿ ದುರ್ಗದ ನಾಯಕರು ಅವನ ಬಲಗಾಲಿಗೆ ಬೆಳ್ಳಿಯ ಪೆಂಡೆ ತೊಡಿಸಿದರು. ಪೆಂಡೆಯೆಂದರೆ ಶೌರ್ಯಕ್ಕೆ ಕೊಡುವ ಕಾಲ್ಕಡಗ. ಅದನ್ನು ತೊಟ್ಟವನು ರಣದಲ್ಲಿ ಬೆನ್ನು ತೋರಿಸಕೂಡದೆಂಬುದು ಕಟ್ಟಳೆ. ತೋರಿಸಿದರೆ ಪೆಂಡೆ ಅರಮನೆಗೆ ಹಿಂದಿರುಗುತ್ತದೆ, ಸತ್ತರೂ ಅವನಿಗೆ ಕಲ್ಲು ನೆಡುವುದಿಲ್ಲ, ಆಯುಧಪೂಜೆಯ ದಿನ ಆ ಮನೆಗೆ ವೀಳ್ಯ ಕೊಡುವುದಿಲ್ಲ. ಸತ್ತವನಿಗೆ ಇದರಿಂದ ಹೋಗುವುದೇನೂ ಇಲ್ಲ ಅನ್ನಿ. ಉಳಿದವರು ತಲೆ ತಗ್ಗಿಸಿ ಬಾಳಬೇಕು.

ಮರುವರ್ಷ ಈ ಕಣಿವೆಯಲ್ಲಿ ಕಾಳಗ ನಡೆಯಿತು. ಹೆಣಗಳನ್ನು ತರಲು ಹೋದವರಿಗೆ ಬೊಮ್ಮ ಕೋಟೆಯ ಕಡೆಗೆ ತಲೆಯಾಗಿ ಬೋರಲು ಬಿದ್ದಿದ್ದು ಕಂಡಿತು. ಬೆನ್ನಿನಲ್ಲಿ ಎರಡು ಬಾಣ ನೆಟ್ಟಿದ್ದವು. ಓಡುತ್ತಿದ್ದನೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಪೆಂಡೆಯನ್ನು ಅಲ್ಲೇ ಬಿಚ್ಚಿಕೊಂಡರು. ಹೆಣ ತೊಳೆದವಳು ಅವನ ಹೆಂಡತಿ ಓಬಕ್ಕ. ಬಾಣದ ಗಾಯಗಳ ಜೊತೆಗೆ ಬೇರೆ ಯಾರೂ ನೋಡದ ಇನ್ನೊಂದನ್ನೂ ಅವಳು ನೋಡಿದಳು ಎನ್ನುತ್ತಾರೆ: ಕತ್ತಿನ ಹಿಂಭಾಗದಲ್ಲಿ ಎಂಟು ಉಗುರುಗಳ ಗುರುತು. ಅಳುವುದನ್ನು ನಿಲ್ಲಿಸಿ ಊರಿನ ಯಜಮಾನ ತಿಪ್ಪಯ್ಯನ ಮುಂದೆ ಹೋಗಿ ನಿಂತಳು.

"ಓಡೋನ ಕತ್ತಿಗೆ ಉಗುರು ಎಲ್ಲಿಂದ ಬಂದ್ವು, ಯಜಮಾನ್ರೆ?"

"ಬೆನ್ನಾಗೆ ಬಾಣ ಅದಾವಲ್ಲವ್ವ. ಉಗುರು ಕಟ್ಕಂಡು ಏನ್ ಮಾಡಾನ?" ಎಂದ ತಿಪ್ಪಯ್ಯ.

ಆ ವರ್ಷದ ಆಯುಧಪೂಜೆಯಲ್ಲಿ ವೀಳ್ಯದ ತಟ್ಟೆ ಓಬಕ್ಕನ ಮನೆಯನ್ನು ದಾಟಿ ಮುಂದೆ ಹೋಯಿತು. ಅವಳು ಸುಮ್ಮನಿರಲಿಲ್ಲ. ಕಾಳಗದಿಂದ ಬದುಕಿ ಬಂದ ಒಬ್ಬೊಬ್ಬನ ಮನೆಗೂ ಹೋಗಿ ಅದೇ ಪ್ರಶ್ನೆ ಕೇಳಿದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದರು ಜನ. ನನಗಂತೂ ಆ ಊರಿನಲ್ಲಿ ತಲೆ ನೆಟ್ಟಗಿದ್ದವಳು ಅವಳೊಬ್ಬಳೇ ಎನಿಸುತ್ತದೆ.

ಕಾರ್ತಿಕ ಕಳೆದ ಮೇಲೆ ಕುರುಬರ ಹಟ್ಟಿಯ ಕಡೆಯಿಂದ ಒಬ್ಬ ಕುಂಟುತ್ತ ಊರಿಗೆ ಬಂದ. ಸತ್ತನೆಂದು ಮನೆಯವರು ಎಳ್ಳುನೀರು ಬಿಟ್ಟಿದ್ದ ಕೊಂಬೂದುವ ಮೈಲಾರಿ ಅವನು. ಹೆಣ ಎತ್ತುವವರು ಬರುವ ಮೊದಲೇ ಕುರಿ ಕಾಯುವವರು ಅವನನ್ನು ಬೊಮ್ಮನ ಮೈ ಅಡಿಯಿಂದ ಎಳೆದು, ಉಸಿರಿರುವುದು ಕಂಡು ಹೊತ್ತೊಯ್ದಿದ್ದರು. ತಿಂಗಳುಗಟ್ಟಲೆ ಜ್ವರದಲ್ಲಿ ಬಿದ್ದಿದ್ದನಂತೆ. ಓಬಕ್ಕ ಅವನನ್ನೂ ಕೇಳಿದಳು. ಮೈಲಾರಿ ಎರಡೂ ಕೈಗಳನ್ನು ಮುಂದೆ ಚಾಚಿದ.

"ಇವೇ ಉಗುರು ಕಣಕ್ಕ. ನಮ್ಮೋರೆಲ್ಲ ಆಗ್ಲೇ ಕಣಿವೆ ದಾಟಿದ್ರು. ನನ್ ಕಾಲು ಮುರ್ದಿತ್ತು. ನಿನ್ ಗಂಡ ಹಿಂದಕ್ ಬಂದು ಕೂಸಿನಂಗೆ ಎದಿಗೆ ಎತ್ಕಂಡ. ಬೆನ್ನಿಗೆ ಹಾಕ್ಕಳಣ್ಣ, ಓಡಾಕೆ ಸಲೀಸು ಅಂದೆ. ಬೆನ್ನಿಗೆ ಹಾಕ್ಕಂಡ್ರೆ ಬಾಣ ನಿನಗೆ ಬೀಳ್ತಾವೆ ಕಣಲೇ ಅಂದ."

ಸುದ್ದಿ ಕೋಟೆಗೆ ಮುಟ್ಟಿತು. ನಾಯಕರು ಪೆಂಡೆಯನ್ನು ಓಬಕ್ಕನಿಗೆ ಕಳಿಸಿ, ಕಲ್ಲು ನೆಡಲು ಅಪ್ಪಣೆ ಕೊಟ್ಟರು. ತಪ್ಪು ಮುಚ್ಚಿಕೊಳ್ಳುವ ಆತುರ ತಿಪ್ಪಯ್ಯನಿಗೆ. ಎದೆಗೆ ಮೂರು ಬಾಣ ಬಿದ್ದಂತೆ ಭರ್ಜರಿಯಾಗಿ ಕೆತ್ತು ಎಂದು ಕಲ್ಲುಕುಟಿಗನಿಗೆ ಹೇಳಿದನಂತೆ. ಓಬಕ್ಕ ಒಪ್ಪಲಿಲ್ಲ. "ನೀವೆಲ್ಲ ನೋಡಿದ್ದು ಬೆನ್ನು. ಬೆನ್ನೇ ಕೆತ್ತಸ್ರಿ. ಹೋಗ್ತಾ ಬರ್ತಾ ನೋಡ್ಲಿ ಎಲ್ರೂ," ಎಂದಳು. ಅವಳ ಮಾತೇ ನಡೆಯಿತು. ಕಣಿವೆಗೆ ಆ ಕಲ್ಲಿನ ಹೆಸರೇ ನಿಂತಿತು.

ಈಗಲೂ ಹತ್ತಿರ ಹೋದರೆ ವೀರನ ಕತ್ತಿನ ಹಿಂದೆ ಬೆಸೆದುಕೊಂಡ ಇನ್ನೊಬ್ಬನ ಎರಡು ಕೈಗಳು ಕಾಣುತ್ತವೆ. ಅದನ್ನು ಕಂಡ ಮೇಲೆ ಯಾರೂ ಅಲ್ಲೇ ನಿಲ್ಲುವುದಿಲ್ಲ; ಇವನ ಮುಖ ಹೇಗಿತ್ತೋ ಎಂದು ಕಲ್ಲನ್ನು ಸುತ್ತಿಕೊಂಡು ಆಚೆಬದಿಗೆ ಹೋಗುತ್ತಾರೆ. ಅಲ್ಲಿ ಉಳಿ ತಾಗಿಸಿಲ್ಲ. ಎಲ್ಲ ಒರಟು ಬಂಡೆ, ಮುಖವಿರಬೇಕಾದ ಎತ್ತರದಲ್ಲಿ ಒಂದಿಷ್ಟು ಜಾಗ ಮಾತ್ರ ನುಣ್ಣಗೆ ಸವೆದು ತಗ್ಗಾಗಿದೆ. ಬದುಕಿದ್ದಷ್ಟು ಕಾಲ ಓಬಕ್ಕ ಸೌದೆಗೆ ಹೋಗುವಾಗಲೂ ಬರುವಾಗಲೂ ಅಲ್ಲಿ ಕೈಯಾಡಿಸುತ್ತಿದ್ದಳು ಎನ್ನುತ್ತಾರೆ. ಒಬ್ಬ ಹೆಂಗಸಿನ ಕೈಗೆ ಕಲ್ಲು ಸವೆಯುತ್ತದೆಯೇ ಎಂದು ಅನುಮಾನಪಟ್ಟವರಲ್ಲಿ ನಾನೂ ಒಬ್ಬ. ಹೋದ ವರ್ಷ ಅಲ್ಲಿ ಕೈಯಿಟ್ಟು ನೋಡಿದೆ. ನನ್ನ ಅಂಗೈ ಆ ತಗ್ಗಿಗೆ ದೊಡ್ಡದಾಯಿತು.