ಕರಿಯವ್ವನ ಬೆನ್ನಿಗಂಟಿದ ಮುಳ್ಳು

ಒಂದು ಕಾಡಿನಲ್ಲಿ, ಅಂದರೆ ನಾನು ಒಮ್ಮೆ ಸೀನಿದ್ದಕ್ಕೆ ಅರ್ಧ ಎಲೆ ಉದುರಿಹೋದ ಅದೇ ಕಾಡಿನಲ್ಲಿ, ಕರಿಯವ್ವ ಎಂಬ ಕರಡಿ ಇದ್ದಳು. ಅವಳಿಗೆ ತುಪ್ಪಿ ಎಂಬ ಪುಟ್ಟ ಮರಿ. ಕರಡಿ ಮರಿಗಳು ತಾಯಿಯ ಬೆನ್ನ ಮೇಲೇ ಬೆಳೆಯುತ್ತವೆ. ಆದರೆ ಕರಿಯವ್ವನಿಗೆ ಕೊಳೆತ ಇಪ್ಪೆ ಹೂವಿನ ಚಟ. ಅಮಲೇರಿದರೆ ಮರಿಯನ್ನು ಎಲ್ಲಿ ಇಳಿಸಿದೆ ಎಂಬುದೇ ಮರೆತುಹೋಗುತ್ತಿತ್ತು.

ಹಾಗೆ ಹಳ್ಳದ ದಂಡೆಯಲ್ಲಿ ಅಳುತ್ತಿದ್ದ ತುಪ್ಪಿಯನ್ನು ಕಾಡುಹಂದಿ ಸೋಮಕ್ಕ ಕರೆದೊಯ್ದು ಸಾಕಿದಳು. ವಿಷಯ ನ್ಯಾಯಕ್ಕೆ ಬಂತು. ನ್ಯಾಯ ಹೇಳುವವಳು ಆನೆಯಜ್ಜಿ. ಮೊದಲು ನನ್ನನ್ನೇ ಕೇಳಿದ್ದರು. ಸೊಂಡಿಲಿಲ್ಲ ಎಂಬ ಒಂದೇ ಕಾರಣಕ್ಕೆ ಕೆಲಸ ತಪ್ಪಿತು.

"ತಾಯಿ ಮಗು ಒಂದಾಗಲಿ ಅಂತಲೇ ನನ್ನಾಸೆ," ಅಂದಳು ಅಜ್ಜಿ. "ಕರಿಯವ್ವ, ಇಪ್ಪೆ ಹೂ ಉದುರಿ ಮುಗಿಯೋ ತನಕ ಸಮಯ ಕೊಡ್ತೀನಿ. ಹೂವು ಮುಟ್ಟಬೇಡ. ದಿನಾ ಸಂಜೆ ಬಂದು ಮಗೂನ ಬೆನ್ನ ಮೇಲೆ ಕೂರಿಸಿಕೊಂಡು ಹುತ್ತದವರೆಗೆ ಹೋಗಿ ಬಾ. ಈ ನರಿಯಪ್ಪ ದಿನಾ ನೋಡ್ತಿದ್ದು ನನಗೆ ಹೇಳಲಿ."

ಕರಿಯವ್ವ ಮೊದಮೊದಲು ಬಂದಳು. ಆಮೇಲೆ ಗಾಳಿ ಇಪ್ಪೆಯ ವಾಸನೆ ತಂದಿತು.

ನರಿಯಪ್ಪ ಅವಳನ್ನು ಇಪ್ಪೆ ಮರದಡಿ ಹಿಡಿದ. "ಯಾಕಕ್ಕ ಇಷ್ಟು ಕಷ್ಟ? ದಿನಾ ಒಂದು ತುಂಡು ಜೇನು ನನ್ನ ಬಾಯಿಗೆ ಹಾಕು. ನೀನು ಬಂದೆ ಅಂತ ನಾನು ಹೇಳ್ತೀನಿ," ಅಂದ.

ತುಪ್ಪಿ ಮಾತ್ರ ದಿನಾ ಸಂಜೆ ದಾರಿ ನೋಡುತ್ತಿದ್ದಳು. ಕತ್ತಲಾದ ಮೇಲೆ ಸೋಮಕ್ಕನ ಬೆನ್ನೇರಿ ಮಲಗುತ್ತಿದ್ದಳು.

ಹೂವು ಮುಗಿಯಿತು. ಎಲ್ಲರೂ ಸೇರಿದರು.

"ಒಂದು ಸಂಜೆಯೂ ತಪ್ಪಿಸಿಲ್ಲ ಅಜ್ಜಿ," ಅಂದ ನರಿಯಪ್ಪ. "ಹೊತ್ತು ಹೊತ್ತು ಪಾಪ, ಬೆನ್ನೇ ಬಾಗಿದೆ."

ಅಜ್ಜಿ ತುಪ್ಪಿಯನ್ನು ಕೇಳಿದಳು. "ಅವ್ವ ದಿನಾ ಬರ್ತಿದ್ದಳು," ಅಂದಳು ತುಪ್ಪಿ, ನೆಲ ನೋಡುತ್ತ. ಸೋಮಕ್ಕ ಬಾಯಿ ತೆರೆದಳು. ಮರಿಯ ಮುಖ ನೋಡಿ ಸುಮ್ಮನಾದಳು.

ಅಜ್ಜಿ ಸೊಂಡಿಲಿನಿಂದ ಕರಿಯವ್ವನ ಬೆನ್ನು ಸವರಿದಳು. ಕೂದಲ ತುಂಬ ಒಣಗಿದ ಉತ್ತರಾಣಿ ಮುಳ್ಳು. ಸೋಮಕ್ಕನ ಬೆನ್ನು ಸವರಿದಳು. ಅಲ್ಲಿನ ಬಿರುಸು ಕೂದಲು ಬೈತಲೆ ತೆಗೆದ ಹಾಗೆ ಎರಡು ಕಡೆಗೂ ಮಲಗಿತ್ತು.

"ದಿನಾ ಮಗು ಕೂತ ಬೆನ್ನಲ್ಲಿ ಇಷ್ಟು ಮುಳ್ಳು ಉಳಿಯುತ್ತೇನೋ ನರಿಯಪ್ಪ?"

ನರಿಯಪ್ಪನಿಗೆ ಕೆಮ್ಮು ಬಂತು. ಕೆಮ್ಮಿನ ಜೊತೆ ಬಾಯಿಂದ ಜೇನುಮೇಣವೂ ಬಂತು.

ಕರಿಯವ್ವ ತಲೆ ತಗ್ಗಿಸಿದಳು. "ಬರಬೇಕು ಅಂತಲೇ ಹೊರಡ್ತಿದ್ದೆ ಅಜ್ಜಿ. ಕಾಲು ಮರದ ಕಡೆಗೇ ಹೋಗ್ತಿತ್ತು. ಇನ್ನೊಂದು ಸಲ ನೋಡಿ..."

"ನೀನು ಕೆಟ್ಟವಳಲ್ಲ ಮಗಳೇ. ಕಾಯೋದು ನಾನಾಗಿದ್ದರೆ ಇನ್ನೂ ಕಾಯ್ತಿದ್ದೆ. ಕಾಯ್ತಿರೋದು ಈ ಕೂಸು. ಇದನ್ನ ಇನ್ನು ದಾರಿ ನೋಡೋಕೆ ಕೂರಿಸಲ್ಲ. ತುಪ್ಪಿ ಇನ್ಮೇಲೆ ಸೋಮಕ್ಕನ ಮಗಳು."

ನರಿಯಪ್ಪನಿಗೆ ಇಪ್ಪೆ ಮರದಡಿಯ ಉತ್ತರಾಣಿಯನ್ನೆಲ್ಲ ಬಾಲದಿಂದಲೇ ಗುಡಿಸುವ ಶಿಕ್ಷೆ. ನರಿಯ ಬಾಲ ಇವತ್ತಿಗೂ ಪೊದೆಯ ಹಾಗಿರುವುದು ಅದಕ್ಕೇ. ಅನುಮಾನವಿದ್ದರೆ ಬಾಲ ಹಿಡಿದು ಕೇಳಿ.

ಆಗ ತುಪ್ಪಿ ಓಡಿಹೋಗಿ ಕರಿಯವ್ವನ ಬೆನ್ನೇರಿದಳು. ಎಲ್ಲರೂ ಉಸಿರು ಬಿಗಿಹಿಡಿದರು. ನಾನೂ ಹಿಡಿದೆ, ಕಾಡಿನಲ್ಲಿ ಗಾಳಿಯೇ ನಿಂತುಹೋಯಿತು. ಅವಳು ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಬೆನ್ನು ಚೊಕ್ಕಟವಾದ ಮೇಲೆ ಇಳಿದು, ಸೋಮಕ್ಕನ ಬೆನ್ನ ಮೇಲೆ ಹೋಗಿ ಕೂತಳು.

"ಕಿವಿ ಹಿಂದೆ ಊದಿದರೆ ಅವಳಿಗೆ ನಿದ್ದೆ ಬರುತ್ತೆ," ಅಂದಳು ಕರಿಯವ್ವ.

"ಊದ್ತೀನಿ ಅಕ್ಕ," ಅಂದಳು ಸೋಮಕ್ಕ.

ನೀತಿ: ತಪ್ಪಿದ ತಾಯಿಗೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕು, ಆದರೆ ಅದಕ್ಕಾಗಿ ಮಗುವಿನ ಬಾಲ್ಯವನ್ನೆಲ್ಲ ಕಾಯುವುದರಲ್ಲೇ ಕಳೆಯಬಾರದು.